ಹಳದಿ ಪಿಂಡದ ಚರಿತ್ರೆ

ಗಾಯವೆಂದರೆ ಕೇಡು ಎಂಬುದು ಲೋಕದ ತಿಳಿವಳಿಕೆ. ಗಾಯವಾದ ಕಡೆ ಕೆಂಪೇರುತ್ತದೆ, ಕಾವೇರುತ್ತದೆ, ಊದಿಕೊಳ್ಳುತ್ತದೆ, ನೋಯುತ್ತದೆ. ಈ ನಾಲ್ಕು ಲಕ್ಷಣಗಳನ್ನು ರೋಮಿನ ಸೆಲ್ಸಸ್ ಎಂಬ ಗ್ರಂಥಕಾರ ಕ್ರಿಸ್ತಶಕ ಮೊದಲನೆಯ ಶತಮಾನದಲ್ಲಿಯೇ ಎಣಿಸಿ ಬರೆದಿಟ್ಟ. ವೈದ್ಯಕೀಯದ ವಿದ್ಯಾರ್ಥಿಗಳು ಇಂದಿಗೂ ಅದನ್ನೇ ಬಾಯಿಪಾಠ ಮಾಡುತ್ತಾರೆ. ಊತ ಕಂಡರೆ ಇಳಿಸಬೇಕು, ಉರಿ ಕಂಡರೆ ತಣಿಸಬೇಕು ಎಂಬುದು ನಮ್ಮ ಮನೆಮದ್ದಿನ ಅಜ್ಜಿಯಿಂದ ಹಿಡಿದು ಆಸ್ಪತ್ರೆಯ ವೈದ್ಯರವರೆಗೆ ಎಲ್ಲರೂ ಒಪ್ಪಿದ ನೀತಿ.

ಆದರೆ ಈ ನೀತಿಗೆ ಹೊರತಾದ ಒಂದು ತಾಣ ಶರೀರದಲ್ಲಿ ಉಂಟು. ಅಲ್ಲಿ ತಿಂಗಳಿಗೊಮ್ಮೆ, ಹೇಳಿ ಕಳಿಸಿದ ಹಾಗೆ, ಒಂದು ಗಾಯವಾಗುತ್ತದೆ. ನೆತ್ತರ ನಾಳಗಳು ಹಿಗ್ಗುತ್ತವೆ, ಬಿಳಿ ರಕ್ತಕಣಗಳು ಗುಂಪುಗೂಡುತ್ತವೆ, ಗೋಡೆ ತೆಳುವಾಗಿ ಒಡೆಯುತ್ತದೆ. ಒಡೆದ ಜಾಗದಲ್ಲಿ ಕೆಲವೇ ದಿನಗಳೊಳಗೆ ಹೊಸದೊಂದು ಅಂಗವೇ ಕಟ್ಟಿ ನಿಲ್ಲುತ್ತದೆ. ಎರಡು ವಾರ ದುಡಿಯುತ್ತದೆ. ಅನಂತರ ತಾನಾಗಿಯೇ ಕರಗಿ ಒಂದು ಚಿಕ್ಕ ಬಿಳಿಯ ಗುರುತನ್ನು ಉಳಿಸಿ ಹೋಗುತ್ತದೆ. ಈ ತಾಣವೇ ಹೆಣ್ಣಿನ ಅಂಡಾಶಯ. ಎರಡು ವಾರದ ಬಾಳಿನ ಆ ಅಂಗಕ್ಕೆ ಪಂಡಿತರು ಕೊಟ್ಟ ಹೆಸರು ಕಾರ್ಪಸ್ ಲೂಟಿಯಂ. ಲ್ಯಾಟಿನ್ ಭಾಷೆಯಲ್ಲಿ ಹಾಗೆಂದರೆ ಹಳದಿ ಕಾಯ ಎಂದಷ್ಟೇ ಅರ್ಥ. ನಾನು ಇಲ್ಲಿ ಅದನ್ನು ಹಳದಿ ಪಿಂಡ ಎಂದು ಕರೆಯುತ್ತೇನೆ.

ನಾನು ವೈದ್ಯನಲ್ಲ, ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವನು. ಈ ವಿಷಯಕ್ಕೆ ನನ್ನನ್ನು ಎಳೆದು ತಂದದ್ದು ಒಂದು ಶಬ್ದ. ಅಂಡಾಶಯವೆಂಬ ಮಾತಿನಲ್ಲಿರುವ ‘ಆಶಯ’ ಎಂಬುದನ್ನು ನೋಡಿ. ನೀರು ನಿಂತ ತಾಣ ಜಲಾಶಯ, ಮೂತ್ರ ನಿಂತ ತಾಣ ಮೂತ್ರಾಶಯ. ಹಾಗೆಯೇ ಅಂಡಗಳನ್ನು ಇಟ್ಟ ತಾಣ ಅಂಡಾಶಯ. ಅಂದರೆ ಕಣಜ, ಉಗ್ರಾಣ. ಲ್ಯಾಟಿನ್ನಿನ ‘ಓವೇರಿಯಂ’ ಎಂಬುದರ ಅರ್ಥವೂ ಹೆಚ್ಚು ಕಡಿಮೆ ಇದೇ. ಹೆಸರಿಟ್ಟವರ ಮನಸ್ಸಿನಲ್ಲಿ ಹೆಣ್ಣಿನ ಈ ಅಂಗ ಸುಮ್ಮನೆ ತುಂಬಿಟ್ಟುಕೊಂಡ ಒಂದು ಪಾತ್ರೆಯಾಗಿತ್ತು. ಅದು ಪಾತ್ರೆಯಲ್ಲ, ಅಹೋರಾತ್ರಿ ದುಡಿಯುವ ಕಮ್ಮಟ ಎಂದು ಕಂಡುಕೊಳ್ಳಲು ಮನುಷ್ಯನಿಗೆ ಮುನ್ನೂರು ವರ್ಷಕ್ಕೂ ಮಿಕ್ಕ ಕಾಲ ಬೇಕಾಯಿತು. ಆ ಕಾಲದ ಕಥೆಯೇ ಈ ಲೇಖನ.

ಮೊದಲಿಗೆ ಹಳಬರ ಮಾತು. ಗ್ರೀಸಿನ ಅರಿಸ್ಟಾಟಲ್ ಹೇಳಿದ್ದು ಹೀಗೆ: ಮಗುವಿಗೆ ರೂಪವನ್ನು ಕೊಡುವವನು ಗಂಡು, ಹೆಣ್ಣು ಕೊಡುವುದು ದ್ರವ್ಯವನ್ನು ಮಾತ್ರ. ಕುಂಬಾರನದು ಕೈ, ಇವಳದು ಮಣ್ಣು. ನಮ್ಮ ಮನುಸ್ಮೃತಿಯ ಒಂಬತ್ತನೆಯ ಅಧ್ಯಾಯದಲ್ಲಿಯೂ ಹೆಣ್ಣು ಹೊಲ, ಗಂಡು ಬೀಜ ಎಂಬ ವಿಚಾರವೇ ಬರುತ್ತದೆ. ಆಯುರ್ವೇದದ ಗ್ರಂಥಗಳು ಶುಕ್ರದೊಡನೆ ಆರ್ತವವನ್ನೂ ಹೆಸರಿಸಿ ಗರ್ಭಕ್ಕೆ ಇಬ್ಬರ ಪಾಲೂ ಉಂಟೆಂದು ಒಪ್ಪಿದ್ದವು. ಆದರೆ ಸಂಸಾರದ ಜಗಲಿಯ ಮೇಲೆ ಗೆದ್ದದ್ದು ಹೊಲ-ಬೀಜದ ಮಾತೇ. ಬೆಳೆ ಬಾರದಿದ್ದರೆ ಹೊಲವನ್ನು ಬೈಯುವುದು ಸುಲಭವಷ್ಟೆ! ‘ವಂಧ್ಯಾ’ ಎಂಬುದು ಸವೆದು ಕನ್ನಡದಲ್ಲಿ ‘ಬಂಜೆ’ ಆಯಿತು. ಎಷ್ಟು ಮನೆಗಳಲ್ಲಿ ಎಷ್ಟು ಹೆಂಗಸರು ಈ ಎರಡಕ್ಷರದ ಭಾರವನ್ನು ಹೊತ್ತು ಬಾಳಿದರೆಂಬುದಕ್ಕೆ ಲೆಕ್ಕವಿಟ್ಟವರಿಲ್ಲ. ಗಂಡಸಿಗೆ ಅಷ್ಟೇ ಸರಾಗವಾಗಿ ಅಂಟಿಸಬಹುದಾದ ಜೊತೆಮಾತೊಂದನ್ನು ನಮ್ಮ ಆಡುನುಡಿ ಹುಟ್ಟಿಸಲಿಲ್ಲ.

ಯೂರೋಪಿನಲ್ಲಿ ಈ ಮಾತನ್ನು ಮೊದಲು ಪರೀಕ್ಷೆಗೆ ಒಡ್ಡಿದವರಲ್ಲಿ ಇಂಗ್ಲೆಂಡಿನ ವಿಲಿಯಂ ಹಾರ್ವೆ ಒಬ್ಬ. ೧೬೨೮ರಲ್ಲಿ ರಕ್ತ ಶರೀರದಲ್ಲಿ ಸುತ್ತಿ ಬರುತ್ತದೆಂದು ಸಾಧಿಸಿ ತೋರಿಸಿದ ಮಹಾಶಯ ಇವನೇ. ದೊರೆ ಮೊದಲನೆಯ ಚಾರ್ಲ್ಸನಿಗೆ ಇವನು ವೈದ್ಯ. ದೊರೆಯ ಬೇಟೆಯ ಜಿಂಕೆಗಳನ್ನು ಸೀಳಿ ಗರ್ಭ ಎಲ್ಲಿ ಹೇಗೆ ಮೊದಲಾಗುತ್ತದೆಂದು ಹುಡುಕಿದ. ವಾರಗಳ ಮೇಲೆ ವಾರ ಹೋದರೂ ಗರ್ಭಕೋಶದಲ್ಲಿ ಅವನಿಗೆ ಏನೂ ಕಾಣಲಿಲ್ಲ. ಪಕ್ಕದಲ್ಲಿದ್ದ ಅಂಡಾಶಯ ಆಗ ‘ಹೆಣ್ಣಿನ ವೃಷಣ’ ಎನಿಸಿಕೊಂಡಿತ್ತು. ಅದು ಊದಿದಂತೆಯೂ ಬದಲಾದಂತೆಯೂ ತೋರದಿದ್ದುದರಿಂದ ಸಂತಾನಕ್ಕೂ ಅದಕ್ಕೂ ಸಂಬಂಧವಿಲ್ಲವೆಂದು ತೀರ್ಮಾನಿಸಿದ. ೧೬೫೧ರಲ್ಲಿ ಅಚ್ಚಾದ ಅವನ ಗ್ರಂಥ ಎಲ್ಲ ಜೀವಿಗಳೂ ಮೊಟ್ಟೆಯಿಂದಲೇ ಬಂದವೆಂದು ಸಾರಿತು. ಆದರೆ ಮೊಟ್ಟೆಯ ಮನೆಯನ್ನೇ ಪುಸ್ತಕದಿಂದ ಹೊರಗಿಟ್ಟಿತು. ರಕ್ತದ ದಾರಿಯನ್ನು ಕಂಡುಹಿಡಿದವನಿಗೆ ಆ ದಾರಿಯಲ್ಲಿ ಓಲೆಕಾರರೂ ಓಡಾಡುತ್ತಾರೆಂದು ಹೊಳೆಯಲಿಲ್ಲ. ಅದಕ್ಕೆ ಕಾಲ ಇನ್ನೂ ಪಕ್ವವಾಗಿರಲಿಲ್ಲ.

ಮುಂದೆ ಇಪ್ಪತ್ತು ವರ್ಷದೊಳಗೆ ನೋಟ ಬದಲಾಯಿತು. ೧೬೬೭ರಲ್ಲಿ ಡೆನ್ಮಾರ್ಕಿನ ಸ್ಟೆನೊ ಎಂಬವನು ನಾಯಿಮೀನೊಂದನ್ನು ಸೀಳಿ ನೋಡಿ, ಹೆಣ್ಣಿನ ವೃಷಣವೆಂಬುದು ನಿಜವಾಗಿ ಮೊಟ್ಟೆಯ ಮನೆಯೇ ಸರಿ ಎಂದ. ೧೬೭೨ರಲ್ಲಿ ಹಾಲೆಂಡಿನ ಡೆಲ್ಫ್ಟ್ ಊರಿನ ವೈದ್ಯ ರೆನೀರ್ ದ ಗ್ರಾಫ್ ಒಂದು ಪುಸ್ತಕ ಬರೆದ. ಅವನು ಬಸಿರಾದ ಮೊಲಗಳನ್ನು ಗಂಟೆ ಗಂಟೆಗೆ, ದಿನ ದಿನಕ್ಕೆ ಪರೀಕ್ಷಿಸಿದ್ದ. ಅಂಡಾಶಯದ ಮೇಲಿನ ಗುಳ್ಳೆಗಳು ಮೊದಲು ಕೆಂಪೇರುತ್ತವೆ, ಆಮೇಲೆ ಬರಿದಾಗುತ್ತವೆ, ಬರಿದಾದ ಗುಳ್ಳೆಗಳ ಜಾಗದಲ್ಲಿ ದುಂಡನೆಯ ಗಂಟುಗಳು ಮೂಡುತ್ತವೆ, ಗರ್ಭದಲ್ಲಿರುವ ಮರಿಗಳ ಸಂಖ್ಯೆಯೂ ಈ ಗಂಟುಗಳ ಸಂಖ್ಯೆಯೂ ಒಂದಕ್ಕೊಂದು ತಾಳೆಯಾಗುತ್ತವೆ ಎಂದು ತೋರಿಸಿದ. ಲೆಕ್ಕವಿಡುವವನ ಬುದ್ಧಿ! ಇಡೀ ಗುಳ್ಳೆಯೇ ಮೊಟ್ಟೆ ಎಂದು ಅವನು ಭಾವಿಸಿದ್ದು ನಿಜ. ಆದರೂ ಗುಳ್ಳೆಗೆ ಇಂದಿಗೂ ಅವನದೇ ಹೆಸರು. ಈ ಶೋಧದ ಕೀರ್ತಿ ಯಾರದೆಂದು ಸ್ವಾಮರ್‌ಡಾಮ್ ಎಂಬ ಹಳೆಯ ಗೆಳೆಯನೊಡನೆ ಹತ್ತಿದ ಜಗಳ ಲಂಡನ್ನಿನ ರಾಯಲ್ ಸೊಸೈಟಿಯ ಬಾಗಿಲಿಗೆ ಹೋಯಿತು. ಜಗಳದ ನಡುವೆಯೇ, ೧೬೭೩ರಲ್ಲಿ, ದ ಗ್ರಾಫ್ ತನ್ನ ೩೨ನೆಯ ವಯಸ್ಸಿನಲ್ಲಿ ತೀರಿಕೊಂಡ.

ಬರಿದಾದ ಗುಳ್ಳೆಯಲ್ಲಿ ಮೂಡುವ ಆ ಗಂಟಿಗೆ ಹಳದಿ ಕಾಯವೆಂದು ಹೆಸರಿಟ್ಟವನು ಇಟಲಿಯ ಮಾಲ್ಪೀಗಿ. ಹಸುವಿನಲ್ಲಿ ಅದು ಅರಿಸಿನದ ಮುದ್ದೆಯಂತೆ ಎದ್ದು ಕಾಣುತ್ತದೆ. ಅತಿ ಸೂಕ್ಷ್ಮವಾದ ರಕ್ತನಾಳಗಳಾದ ಲೋಮನಾಳಗಳನ್ನು ಸೂಕ್ಷ್ಮದರ್ಶಕದಲ್ಲಿ ಮೊದಲು ಕಂಡವನೂ ಇದೇ ಮಾಲ್ಪೀಗಿ ಎಂಬುದು ನೆನಪಿಡತಕ್ಕ ಸಂಗತಿ; ಏಕೆಂದರೆ ಹಳದಿ ಪಿಂಡವೂ ಲೋಮನಾಳವೂ ಮುಂದೆ ಒಂದೇ ಕಥೆಯಲ್ಲಿ ಕೂಡಿಕೊಳ್ಳಲಿವೆ. ಗುಳ್ಳೆಯೊಳಗಿನ ನಿಜವಾದ ಅಂಡಾಣು ಸಿಕ್ಕಲು ಮಾತ್ರ ೧೮೨೭ರವರೆಗೆ ಕಾಯಬೇಕಾಯಿತು. ಆ ವರ್ಷ ಕ್ಯೋನಿಗ್ಸ್‌ಬರ್ಗ್ ನಗರದಲ್ಲಿ ಕಾರ್ಲ್ ಅರ್ನ್ಸ್ಟ್ ಫಾನ್ ಬೇರ್ ಎಂಬಾತ ಸಹೋದ್ಯೋಗಿ ಬುರ್ಡಾಕನ ಮನೆಯ ಹೆಣ್ಣುನಾಯಿಯ ಅಂಡಾಶಯದಲ್ಲಿ ಹಳದಿ ಚುಕ್ಕೆಯೊಂದನ್ನು ಕಂಡು, ಸೂಕ್ಷ್ಮದರ್ಶಕದ ಅಡಿಯಲ್ಲಿಟ್ಟು, ಸಸ್ತನಿಯ ಅಂಡಾಣು ಇದೇ ಎಂದು ಗುರುತಿಸಿದ.

ಹೀಗೆ ಮೊಟ್ಟೆ ಸಿಕ್ಕಿತು. ಆದರೆ ಮೊಟ್ಟೆ ಹೊರಟುಹೋದ ಮೇಲೆ ಉಳಿಯುವ ಹಳದಿ ಪಿಂಡಕ್ಕೆ ಕೆಲಸವೇನು? ಮದುವೆ ಮುಗಿದ ಮೇಲಿನ ಚಪ್ಪರವೇ? ಹತ್ತೊಂಬತ್ತನೆಯ ಶತಮಾನದ ಕೊನೆಯವರೆಗೆ ಬಹುಮಂದಿ ಹಾಗೆಯೇ ಎಣಿಸಿದ್ದರು. ಬ್ರೆಸ್ಲಾವ್ ನಗರದ ಗುಸ್ಟಾವ್ ಬಾರ್ನ್ ಎಂಬ ಶಾಸ್ತ್ರಜ್ಞರಿಗೆ ಹಾಗೆನಿಸಲಿಲ್ಲ. ಪಿಂಡದ ತುಂಬ ನೆತ್ತರ ನಾಳಗಳ ಹೆಣಿಗೆ. ಹೊರಕ್ಕೆ ಹರಿಯುವ ಕೊಳವೆ ಮಾತ್ರ ಒಂದೂ ಇಲ್ಲ. ಇಂಥ ಅಂಗ ತಾನು ಮಾಡಿದ ರಸವನ್ನು ರಕ್ತಕ್ಕಲ್ಲದೆ ಇನ್ನೆಲ್ಲಿಗೆ ಬಿಡಬೇಕು? ಬಸಿರು ನಿಲ್ಲುವುದಕ್ಕೆ ಬೇಕಾದ ಯಾವುದೋ ವಸ್ತುವನ್ನು ಅದು ಕೊಡುತ್ತಿರಬೇಕೆಂದು ಅವರು ತರ್ಕಿಸಿದರು. ಪರೀಕ್ಷೆ ಮಾಡಲು ಆಯುಷ್ಯ ಉಳಿದಿರಲಿಲ್ಲ. ೧೯೦೦ರಲ್ಲಿ, ಮರಣಶಯ್ಯೆಯಲ್ಲಿದ್ದಾಗ, ಆ ಕೆಲಸವನ್ನು ಶಿಷ್ಯ ಲುಡ್ವಿಗ್ ಫ್ರೆಂಕೆಲ್ ಅವರಿಗೆ ಒಪ್ಪಿಸಿದರು. ಶಿಷ್ಯರು ಬಸಿರಾದ ಮೊಲಗಳ ಹಳದಿ ಪಿಂಡಗಳನ್ನು ಕಾದ ಸೂಜಿಯಿಂದ ಒಂದೊಂದಾಗಿ ಸುಟ್ಟರು. ಬಸಿರು ನಿಲ್ಲಲಿಲ್ಲ. ಗುರುವಿನ ಊಹೆ ೧೯೦೩ರ ಹೊತ್ತಿಗೆ ಶಾಸ್ತ್ರವಾಯಿತು.

ಅದೇ ಕಾಲದಲ್ಲಿ ವಿಯೆನ್ನದ ಎಮಿಲ್ ಕ್ನಾವರ್ ಮೊಲದ ಅಂಡಾಶಯವನ್ನು ಕಿತ್ತು ದೇಹದ ಬೇರೆ ಕಡೆ ನೆಟ್ಟು, ನರಗಳ ಸಂಬಂಧ ಕಡಿದರೂ ಅದು ಗರ್ಭಕೋಶವನ್ನು ಸೊರಗಗೊಡುವುದಿಲ್ಲವೆಂದು ತೋರಿಸಿದ್ದರು. ಸುದ್ದಿ ಹೋಗುವುದು ರಕ್ತದ ಮೂಲಕವೇ ಎಂದಾಯಿತು. ಇಂಥ ರಕ್ತದೂತರಿಗೆ ೧೯೦೫ರಲ್ಲಿ ಲಂಡನ್ನಿನಲ್ಲಿ ಅರ್ನೆಸ್ಟ್ ಸ್ಟಾರ್ಲಿಂಗ್ ಅವರು ‘ಹಾರ್ಮೋನು’ ಎಂಬ ಹೆಸರನ್ನು ಬಳಕೆಗೆ ತಂದರು. ಗ್ರೀಕಿನಲ್ಲಿ ಇದಕ್ಕೆ ಕೆರಳಿಸು, ಚೋದಿಸು ಎಂಬ ಅರ್ಥ. ನಮ್ಮಲ್ಲಿ ಚೋದಕ ಎಂದು ಬರೆದವರೂ ಉಂಟು. ಹಾರ್ಮೋನು ಎಂಬುದೇ ಈಗ ಕನ್ನಡವಾಗಿ ಹೋಗಿದೆ.

ಇಪ್ಪತ್ತರ ಮತ್ತು ಮೂವತ್ತರ ದಶಕಗಳು ಈ ದೂತರನ್ನು ಒಬ್ಬೊಬ್ಬರನ್ನಾಗಿ ಹಿಡಿದ ಕಾಲ. ೧೯೨೩ರಲ್ಲಿ ಅಮೆರಿಕದ ಎಡ್ಗರ್ ಆಲೆನ್ ಮತ್ತು ಎಡ್ವರ್ಡ್ ಡಾಯ್ಸಿ ಗುಳ್ಳೆಯ ರಸದಲ್ಲಿ ಒಂದು ಹಾರ್ಮೋನಿನ ಪ್ರಭಾವವನ್ನು ತೋರಿಸಿದರು. ಅದರ ವರ್ಗಕ್ಕೆ ಇಂದು ಈಸ್ಟ್ರೊಜೆನ್ ಎಂದು ಹೆಸರು. ೧೯೨೯ರಲ್ಲಿ ರಾಚೆಸ್ಟರ್ ನಗರದಲ್ಲಿ ಜಾರ್ಜ್ ಕಾರ್ನರ್ ಮತ್ತು ವಿಲರ್ಡ್ ಆಲೆನ್ ಹಂದಿಯ ಹಳದಿ ಪಿಂಡದ ಸಾರವನ್ನು ಅಂಡಾಶಯ ತೆಗೆದ ಮೊಲಗಳಿಗೆ ಚುಚ್ಚಿ ಬಸಿರನ್ನು ಉಳಿಸಿದರು. ೧೯೩೪ರಲ್ಲಿ ನಾಲ್ಕು ಪ್ರಯೋಗಶಾಲೆಗಳು ಬೇರೆ ಬೇರೆಯಾಗಿ ಆ ವಸ್ತುವನ್ನು ಹರಳುಗಟ್ಟಿಸಿದವು. ಜರ್ಮನಿಯ ಬೂಟೆನಾಂಟ್ ಅವರಿಗೆ ಸುಮಾರು ೫೦,೦೦೦ ಹಂದಿಗಳ ಅಂಡಾಶಯಗಳಿಂದ ದೊರೆತದ್ದು ೨೦ ಮಿಲಿಗ್ರಾಂ! ಅದೇ ಪ್ರೊಜೆಸ್ಟರಾನ್, ಬಸಿರನ್ನು ಕಾಯುವ ಹಾರ್ಮೋನು. ಹೆಂಗಸಿನ ಹಳದಿ ಪಿಂಡ ತನ್ನ ಭರದ ದಿನಗಳಲ್ಲಿ ದಿನಕ್ಕೆ ೨೫ರಿಂದ ೪೦ ಮಿಲಿಗ್ರಾಂವರೆಗೂ ಇದನ್ನು ತಯಾರಿಸುತ್ತದೆ. ಈ ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಕಮ್ಮಟವೆಂಬ ಮಾತು ಅತಿಶಯೋಕ್ತಿಯೆನಿಸದು.

ಕಾಲದ ಕ್ರೌರ್ಯವನ್ನೂ ಇಲ್ಲಿ ಹೇಳಬೇಕು. ಹರಳನ್ನು ಪಡೆದ ನಾಲ್ಕು ತಂಡಗಳಲ್ಲಿ ಒಂದು ಬ್ರೆಸ್ಲಾವಿನದೇ. ಅದರ ಮುಂದಾಳು ಕಾರ್ಲ್ ಸ್ಲೊಟ್ಟ. ನಾಟ್ಸಿಗಳ ಆಳ್ವಿಕೆಯಲ್ಲಿ ಅವರು ೧೯೩೫ರಲ್ಲಿ ಜರ್ಮನಿ ಬಿಟ್ಟು ಬ್ರೆಜಿಲಿಗೆ ಹೋಗಿ ಹಾವಿನ ವಿಷದ ಸಂಶೋಧನೆಗೆ ತೊಡಗಿದರು. ಗುರುವಿನ ಮಾತು ನಡೆಸಿಕೊಟ್ಟ ಫ್ರೆಂಕೆಲ್ ಅವರೂ ಯೆಹೂದ್ಯರಾದ ಕಾರಣ ಉರುಗ್ವೆ ದೇಶಕ್ಕೆ ವಲಸೆ ಹೋಗಬೇಕಾಯಿತು. ಬಸಿರು ನಿಲ್ಲುವ ಗುಟ್ಟನ್ನು ಲೋಕಕ್ಕೆ ತಿಳಿಸಿದವರಿಗೆ ತಮ್ಮ ಊರಿನಲ್ಲಿ ನೆಲೆ ನಿಲ್ಲಲಿಲ್ಲ.

ಅಂಡಾಶಯಕ್ಕೆ ಅಪ್ಪಣೆ ಕೊಡುವ ಯಜಮಾನನೂ ೧೯೨೭ರ ಸುಮಾರಿಗೆ ಪತ್ತೆಯಾದ. ಮೆದುಳಿನ ಬುಡದಲ್ಲಿ ಕಡಲೆಕಾಳಿನಷ್ಟಿರುವ ಪಿಟ್ಯುಟರಿ ಗ್ರಂಥಿಯೇ ಆ ಯಜಮಾನ. ಅಲ್ಲಿಂದ ಎಲ್‌ಎಚ್ ಎಂಬ ಹಾರ್ಮೋನು ತಿಂಗಳ ನಡುವೆ ಒಮ್ಮೆ ಅಲೆಯಂತೆ ಉಕ್ಕುತ್ತದೆ. ಸುಮಾರು ಒಂದೂವರೆ ದಿನದಲ್ಲಿ ಗುಳ್ಳೆ ಒಡೆಯುತ್ತದೆ. ಈ ವಿಷಯದಲ್ಲಿ ನಮ್ಮ ಬೆಂಗಳೂರಿನ ಪಾಲೂ ಇದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎನ್. ಆರ್. ಮೌದ್ಗಲ್ ಮತ್ತು ಅವರ ಸಂಗಡಿಗರು ಎಲ್‌ಎಚ್ ಅನ್ನು ಕಟ್ಟಿಹಾಕುವ ಪ್ರತಿವಿಷಗಳನ್ನು ತಯಾರಿಸಿ, ಇಲಿಗಳ ಮೇಲೂ ನಮ್ಮ ದಕ್ಷಿಣದ ಕೋತಿಗಳ ಮೇಲೂ ಪ್ರಯೋಗಿಸಿ, ಹಳದಿ ಪಿಂಡ ಬಾಳಬೇಕಾದರೆ ಎಲ್‌ಎಚ್‌ನ ಆಸರೆ ಎಷ್ಟರಮಟ್ಟಿಗೆ ಬೇಕೆಂದು ತೋರಿಸಿದರು. ಮುಂದೆ ಅದೇ ಸಂಸ್ಥೆಯ ಆರ್. ಮೇಧಾಮೂರ್ತಿ ಅವರು ಎಮ್ಮೆಗಳಲ್ಲೂ ಕೋತಿಗಳಲ್ಲೂ ಆ ಪಿಂಡ ಹೇಗೆ ಕರಗುತ್ತದೆಂಬುದರ ಬೆನ್ನು ಹತ್ತಿದರು.

ಇಲ್ಲಿಯವರೆಗಿನ ಕಥೆಯಲ್ಲಿ ಹಾರ್ಮೋನು ಅಪ್ಪಣೆ, ಅಂಡಾಶಯ ಆಳು. ಆದರೆ ಅಪ್ಪಣೆಯಿಂದ ಕಲ್ಲು ತಾನಾಗಿ ಏಳುವುದಿಲ್ಲ. ಕೂಲಿಯವರು ಬೇಕು, ಗಾರೆಯವರು ಬೇಕು. ಆ ಕೂಲಿಕಾರರು ಯಾರು? ಒಂದು ಪಂಗಡವನ್ನು ೧೮೮೨ರಲ್ಲೇ ಬೇರೊಂದು ಕಾರಣಕ್ಕೆ ಕಂಡಿದ್ದರು. ರಷ್ಯದ ಮೆಚ್ನಿಕಾಫ್ ಇಟಲಿಯ ಮೆಸ್ಸೀನ ಊರಿನಲ್ಲಿ ನಕ್ಷತ್ರಮೀನಿನ ಮರಿಗೆ ಮುಳ್ಳು ಚುಚ್ಚಿದಾಗ ಅಲೆಮಾರಿ ಕಣಗಳು ಮುತ್ತಿಕೊಂಡದ್ದನ್ನು ನೋಡಿದರು. ಅವೇ ಭಕ್ಷಕ ಕಣಗಳು. ರೋಗಾಣುಗಳನ್ನು ನುಂಗುವುದಕ್ಕಾಗಿಯೇ ಅವು ಇರುವುದೆಂದು ಬಹುಕಾಲ ನಂಬಲಾಗಿತ್ತು. ಅಂಡಾಶಯದಲ್ಲಿ ರೋಗಾಣುವಿಲ್ಲ, ಆದರೂ ಗುಳ್ಳೆ ಒಡೆಯುವ ಹೊತ್ತಿಗೆ ಬಿಳಿ ಕಣಗಳು ಅಲ್ಲಿ ನೆರೆದಿರುತ್ತವೆ. ಏಕೆ?

ಉತ್ತರವನ್ನು ಧೈರ್ಯವಾಗಿ ಹೇಳಿದವರು ಟೆಕ್ಸಾಸಿನ ಲಾರೆನ್ಸ್ ಎಸ್ಪಿ. ಗುಳ್ಳೆ ಒಡೆಯುವುದೆಂದರೆ ಉರಿಯೂತದ ಒಂದು ಪ್ರಸಂಗವೇ ಎಂದು ೧೯೮೦ರಲ್ಲಿ ಅವರು ವಾದಿಸಿದರು. ಸೆಲ್ಸಸನ ಪಟ್ಟಿಯನ್ನು ತೆಗೆದು ನೋಡಿದರೆ ಬಹುಪಾಲು ಹೊಂದುತ್ತದೆ: ಗುಳ್ಳೆಯ ಸುತ್ತ ನಾಳಗಳು ಹಿಗ್ಗುತ್ತವೆ, ಕೆಂಪೇರುತ್ತದೆ, ನಾಳಗಳು ಸೋರಿ ಊದುತ್ತದೆ, ಕೆಲವು ಹೆಂಗಸರಿಗೆ ಆ ದಿನ ಕಿಬ್ಬೊಟ್ಟೆ ನೋಯುವುದೂ ಉಂಟು. ಇದಕ್ಕೆ ಮೊದಲೇ, ೧೯೭೨ರ ಸುಮಾರಿಗೆ, ಊತವಿಳಿಸುವ ಇಂಡೊಮೆಥಸಿನ್ ಎಂಬ ಔಷಧ ಪ್ರಾಣಿಗಳಲ್ಲಿ ಗುಳ್ಳೆ ಒಡೆಯುವುದನ್ನೇ ತಡೆಯುತ್ತದೆಂದು ಕಂಡುಬಂದಿತ್ತು. ೧೯೯೧ರಲ್ಲಿ ಸ್ವೀಡನ್ನಿನ ಮಾಟ್ಸ್ ಬ್ರೆನ್‌ಸ್ಟ್ರೋಮ್ ಮತ್ತು ಸಹೋದ್ಯೋಗಿಗಳು ದೇಹದಿಂದ ಹೊರತೆಗೆದ ಇಲಿಯ ಅಂಡಾಶಯಕ್ಕೆ ದ್ರವ ಹಾಯಿಸಿ, ಎಲ್‌ಎಚ್‌ನೊಡನೆ ಬಿಳಿ ಕಣಗಳನ್ನೂ ಸೇರಿಸಿದಾಗ ಹೆಚ್ಚು ಅಂಡಾಣುಗಳು ಹೊರಬಿದ್ದವು. ಅಪ್ಪಣೆಯೊಂದೇ ಇದ್ದರೆ ಕೆಲಸ ಅರೆಯಾಗುತ್ತದೆ. ಕೂಲಿಯವರು ಬಂದರೆ ಪೂರಾ ಆಗುತ್ತದೆ. ಮಗುವನ್ನು ಬಯಸುವ ಹೆಂಗಸರು ನೋವಿನ ಮಾತ್ರೆಗಳನ್ನು ದಿನಗಟ್ಟಲೆ ನುಂಗುವ ಮೊದಲು ವೈದ್ಯರನ್ನು ಕೇಳುವುದು ಲೇಸೆಂಬ ಲೋಕೋಪಯೋಗಿ ಮಾತೂ ಈ ಶೋಧದಿಂದಲೇ ಹೊರಟಿತು.

ಇನ್ನು ಗಾರೆಯವರು, ಎಂದರೆ ರಕ್ತನಾಳಗಳನ್ನು ಕಟ್ಟುವ ಕಣಗಳು. ಒಡೆಯುವ ಮುನ್ನ ಗುಳ್ಳೆಯ ಒಳಪದರದಲ್ಲಿ ಒಂದು ನಾಳವೂ ಇರುವುದಿಲ್ಲ. ಒಡೆದ ಮೇಲೆ ಸುತ್ತಣ ನಾಳಗಳು ಕುಡಿಯೊಡೆದು ಒಳಗೆ ನುಗ್ಗುತ್ತವೆ. ಬೆಳೆದ ಹಳದಿ ಪಿಂಡದ ಕಣಗಳನ್ನು ಎಣಿಸಿದರೆ ಸುಮಾರು ಅರ್ಧದಷ್ಟು ರಕ್ತನಾಳದ ಕಣಗಳೇ. ತೂಕಕ್ಕೆ ತೂಕ ಹೋಲಿಸಿದರೆ ಇಷ್ಟು ನೆತ್ತರು ಹರಿಯುವ ಅಂಗಗಳು ದೇಹದಲ್ಲಿ ವಿರಳ. ಅಷ್ಟು ವೇಗವಾಗಿ ನಾಳ ಬೆಳೆಯುವುದು ಇನ್ನೆಲ್ಲಿ ಎಂದರೆ ವಾಸಿಯಾಗುವ ಗಾಯದಲ್ಲಿ ಮತ್ತು ಅರ್ಬುದದಲ್ಲಿ. ಬಾಸ್ಟನ್ನಿನ ಜೂಡಾ ಫೋಕ್ಮನ್ ೧೯೭೧ರಲ್ಲಿ ಅರ್ಬುದ ತನ್ನ ಕಡೆಗೆ ನಾಳಗಳನ್ನು ಕರೆದುಕೊಳ್ಳುತ್ತದೆ ಎಂದಿದ್ದರು. ೧೯೭೮ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಗೊಸ್ಪೊಡಾರೊವಿಚ್ ಮತ್ತು ಠಕ್ರಾಲ್ ಹಳದಿ ಪಿಂಡವೂ ಅಂಥದೇ ಕರೆಯೋಲೆಯನ್ನು ಕಳಿಸುತ್ತದೆಂದು ತೋರಿಸಿದರು. ೧೯೮೯ರಲ್ಲಿ ನೆಪೋಲಿಯೋನೆ ಫೆರಾರ ಅವರು ದನದ ಪಿಟ್ಯುಟರಿ ಗ್ರಂಥಿಯ ಕಣಗಳಿಂದ ಪ್ರತ್ಯೇಕಿಸಿದ ವಿಇಜಿಎಫ್ ಎಂಬ ವಸ್ತು ಆ ಓಲೆಗಳಲ್ಲಿ ಮುಖ್ಯವಾದದ್ದೆಂದು ಆಮೇಲೆ ತಿಳಿಯಿತು. ೧೯೯೮ರಲ್ಲಿ ಅವರ ತಂಡ ಇಲಿಗಳಲ್ಲಿ ಇದನ್ನು ತಡೆದಾಗ ಹಳದಿ ಪಿಂಡಕ್ಕೆ ನಾಳಗಳು ಬೆಳೆಯಲಿಲ್ಲ, ಪ್ರೊಜೆಸ್ಟರಾನ್ ಕುಗ್ಗಿತು. ಎಲ್‌ಎಚ್ ಬಂದೊಡನೆ ಗುಳ್ಳೆಯ ಕಣಗಳು ವಿಇಜಿಎಫ್ ಅನ್ನು ಹೆಚ್ಚಾಗಿ ಬಿಡುತ್ತವೆ. ಅಪ್ಪಣೆ ಕೂಲಿಯವರಿಗೆ ತಲಪುವ ದಾರಿಗಳಲ್ಲಿ ಇದೊಂದು.

ಕೂಲಿಯವರೂ ಗಾರೆಯವರೂ ಬೇರೆ ಬೇರೆ ದುಡಿಯುತ್ತಾರೆಯೇ? ಇಲ್ಲವೆಂದು ಆಸ್ಟ್ರೇಲಿಯದ ಅಡಿಲೇಡ್ ನಗರದಲ್ಲಿ ಸಾರಾ ರಾಬರ್ಟ್‌ಸನ್ ಅವರ ತಂಡ ೨೦೧೩ರಲ್ಲಿ ಪ್ರಕಟಿಸಿತು. ಬಸಿರಿನ ಮೊದಲ ದಿನಗಳಲ್ಲಿ ಸುಂಡಿಲಿಗಳಿಂದ ಭಕ್ಷಕ ಕಣಗಳನ್ನು ತೆಗೆದುಹಾಕಿದರೆ ಹಳದಿ ಪಿಂಡದ ನಾಳಜಾಲ ಕೆಡುತ್ತದೆ, ಪ್ರೊಜೆಸ್ಟರಾನ್ ಇಳಿಯುತ್ತದೆ, ಭ್ರೂಣ ಗರ್ಭಕೋಶಕ್ಕೆ ಅಂಟಿಕೊಳ್ಳುವುದಿಲ್ಲ. ಹೊರಗಿನಿಂದ ಪ್ರೊಜೆಸ್ಟರಾನ್ ಕೊಟ್ಟರೆ ಬಸಿರು ಉಳಿಯುತ್ತದೆ. ನುಂಗುವವರೆಂದು ಹೆಸರಾದವರು ಕಟ್ಟುವುದಕ್ಕೂ ನೆರವಾಗುತ್ತಾರೆ. ಎರಡು ವಾರದ ಕೊನೆಗೆ ಬಸಿರಿನ ಸುದ್ದಿ ಬಾರದಿದ್ದರೆ ಅದೇ ಜಾತಿಯ ಕಣಗಳು ಬಂದು ಸಾಯುತ್ತಿರುವ ಪಿಂಡವನ್ನು ಕಬಳಿಸಿ ಜಾಗವನ್ನು ತೆರವು ಮಾಡುತ್ತವೆ. ನಮ್ಮ ಪಶುವೈದ್ಯರು ಹಸು ಎಮ್ಮೆಗಳನ್ನು ಬೆದೆಗೆ ತರಲು ಚುಚ್ಚುವ ಪ್ರೋಸ್ಟಗ್ಲಾಂಡಿನ್ ಮದ್ದು ಮಾಡುವುದೂ ಈ ಹಳದಿ ಪಿಂಡವನ್ನು ಕರಗಿಸುವ ಕೆಲಸವನ್ನೇ. ಪ್ರೊಜೆಸ್ಟರಾನ್ ಕೂಡ ಕೈಕಟ್ಟಿ ಕೂರುವುದಿಲ್ಲ. ಅದು ಬಿಳಿ ಕಣಗಳ ಉಗ್ರವನ್ನು ಇಳಿಸುತ್ತದೆ, ಸಾಧುಗೊಳಿಸುತ್ತದೆ. ತಂದೆಯ ಅಂಶವೂ ಇರುವ ಮಗುವನ್ನು ತಾಯಿಯ ದೇಹ ಪರಕೀಯವೆಂದು ಹೊರಹಾಕದಿರಲು ಇದೂ ಒಂದು ಕಾರಣವಾಗಿರಬಹುದೆಂದು ೧೯೭೭ರಿಂದ ವಾದ ನಡೆದಿದೆ.

ಇಷ್ಟನ್ನು ಓದಿದ ಪೇಟೆಯ ಓದುಗರು ಇದೆಲ್ಲ ಪಂಡಿತರ ಪಾಡು, ನಮಗೇಕೆ ಎನ್ನಬಹುದು. ನಮಗೇ ಬೇಕಾದ ಮಾತು ಇನ್ನು ಮುಂದೆ ಇದೆ. ಇಂದು ನಮ್ಮ ನಗರಗಳ ದೊಡ್ಡ ರಸ್ತೆಗಳಲ್ಲಿ ಮಗುವಿನ ಚಿತ್ರ ಹೊತ್ತ ಚಿಕಿತ್ಸಾಲಯಗಳ ಹಲಗೆಗಳು ಎಷ್ಟಿಲ್ಲ! ಅಲ್ಲಿ ನಡೆಯುವ ಪ್ರನಾಳ ಶಿಶುವಿನ ಚಿಕಿತ್ಸೆಯಲ್ಲಿ ಹಾರ್ಮೋನುಗಳ ಚುಚ್ಚುಮದ್ದಿನಿಂದ ಒಂದರ ಬದಲು ಹಲವು ಗುಳ್ಳೆಗಳನ್ನು ಒಮ್ಮೆಗೇ ಬೆಳೆಸುತ್ತಾರೆ. ಕೆಲವು ಹೆಂಗಸರಲ್ಲಿ ಅಂಡಾಶಯ ಮಿತಿಮೀರಿ ಕೆರಳಿ ವಿಇಜಿಎಫ್ ಅನ್ನು ಸುರಿಸುತ್ತದೆ. ಮೈಯ ಲೋಮನಾಳಗಳು ಸೋರಿ ಹೊಟ್ಟೆಯಲ್ಲಿ ನೀರು ತುಂಬುತ್ತದೆ, ನೆತ್ತರು ಮಂದವಾಗುತ್ತದೆ, ವಿರಳವಾಗಿ ಪ್ರಾಣಕ್ಕೇ ಸಂಚಕಾರ ಬರುತ್ತದೆ. ನಾಳಗಳನ್ನು ಸೋರಿಸುವುದು ವಿಇಜಿಎಫ್ ಎಂದು ಮೆಲ್ಬರ್ನಿನ ವೈದ್ಯರು ೧೯೯೪ರಲ್ಲಿ ತೋರಿಸಿದರು. ಆ ತಿಳಿವಿನಿಂದಲೇ ತಡೆಯ ದಾರಿಗಳೂ ಹೊಳೆದವು: ಗುಳ್ಳೆ ಪಕ್ವಗೊಳಿಸುವ ಚುಚ್ಚುಮದ್ದನ್ನು ಬದಲಿಸುವುದು, ಭ್ರೂಣವನ್ನು ಶೈತ್ಯದಲ್ಲಿ ಕಾಪಿಟ್ಟು ಅಂಡಾಶಯ ತಣಿದ ಮೇಲೆ ಮುಂದಿನ ತಿಂಗಳುಗಳಲ್ಲಿ ಗರ್ಭಕ್ಕೆ ಸೇರಿಸುವುದು.

ಇದೇ ಉಪಾಯವನ್ನು ಒಬ್ಬ ಭಾರತೀಯ ವೈದ್ಯರು ಬಹಳ ಮುಂಚೆಯೇ ಮಾಡಿದ್ದರು. ಕಲ್ಕತ್ತೆಯ ಸುಭಾಷ್ ಮುಖೋಪಾಧ್ಯಾಯರು ಹಾರ್ಮೋನು ಕೊಟ್ಟು ಅಂಡಾಣುಗಳನ್ನು ಪಡೆದು, ಭ್ರೂಣವನ್ನು ೫೩ ದಿನ ಹೆಪ್ಪುಗಟ್ಟಿಸಿಟ್ಟು, ಬೇರೊಂದು ಋತುಚಕ್ರದಲ್ಲಿ ತಾಯಿಯ ಗರ್ಭಕ್ಕೆ ಸೇರಿಸಿದರು. ೧೯೭೮ರ ಅಕ್ಟೋಬರ್ ೩ರಂದು, ಇಂಗ್ಲೆಂಡಿನ ಮೊದಲ ಪ್ರನಾಳ ಶಿಶು ಹುಟ್ಟಿದ ಮೂರು ತಿಂಗಳೊಳಗೆ, ಹೆಣ್ಣುಮಗು ಹುಟ್ಟಿತು. ರಾಜ್ಯ ಸರಕಾರ ನೇಮಿಸಿದ ಸಮಿತಿ ಅವರನ್ನು ನಂಬಲಿಲ್ಲ. ಕಣ್ಣಿನ ಸಂಸ್ಥೆಗೆ ವರ್ಗವಾದ ಅವರು ೧೯೮೧ರ ಜೂನ್‌ನಲ್ಲಿ ಪ್ರಾಣ ಕಳೆದುಕೊಂಡರು. ೧೯೮೬ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ಶಿಶುವಿನ ಕಾರಣಕ್ಕೆ ಭಾರತದ ಮೊದಲಿಗರೆಂಬ ಕೀರ್ತಿ ಪಡೆದಿದ್ದ ಟಿ. ಸಿ. ಆನಂದಕುಮಾರ್ ಅವರು ಮುಖೋಪಾಧ್ಯಾಯರ ಕಾಗದಪತ್ರಗಳನ್ನು ಪರಿಶೀಲಿಸಿ, ಮೊದಲಿಗರು ತಾವಲ್ಲ, ಆತ, ಎಂದು ೧೯೯೭ರಲ್ಲಿ ಬೆಂಗಳೂರಿನಿಂದ ಹೊರಡುವ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಸಾರಿದರು. ದ ಗ್ರಾಫ್ ಮತ್ತು ಸ್ವಾಮರ್‌ಡಾಮರ ಜಗಳವನ್ನು ಓದಿದ ಮೇಲೆ ಈ ಘಟನೆ ಎಷ್ಟು ದೊಡ್ಡದೆಂದು ತಿಳಿಯುತ್ತದೆ.

ವಿಇಜಿಎಫ್ ಅನ್ನು ತಡೆಯುವ ಔಷಧ ೨೦೦೪ರಿಂದ ಅರ್ಬುದಕ್ಕೆ ಬಳಕೆಯಲ್ಲಿದೆ. ಸಕ್ಕರೆ ಕಾಯಿಲೆಯಿಂದ ಕಣ್ಣು ಮಂಜಾದವರಿಗೂ ಈ ಜಾತಿಯ ಚುಚ್ಚುಮದ್ದು ಕೊಡುವುದುಂಟು. ಅರ್ಬುದಕ್ಕೆ ಆ ಔಷಧ ಪಡೆದ, ಇನ್ನೂ ಮುಟ್ಟು ನಿಲ್ಲದ ಹೆಂಗಸರಲ್ಲಿ ಅಂಡಾಶಯ ಕೆಲಸ ನಿಲ್ಲಿಸಬಹುದೆಂಬ ಎಚ್ಚರಿಕೆಯನ್ನು ಅಮೆರಿಕದಲ್ಲಿ ೨೦೧೧ರಲ್ಲಿ ಸೇರಿಸಿದರು. ದೊಡ್ಡವರ ದೇಹದಲ್ಲಿ ನಾಳಗಳನ್ನು ತಿಂಗಳು ತಿಂಗಳೂ ಹೊಸದಾಗಿ ಕಟ್ಟಿಕೊಳ್ಳುವ ಅಂಗಕ್ಕೆ ಅದರ ಪೆಟ್ಟು ಮೊದಲು ತಗಲುವುದು ಸಹಜವೇ. ನಮ್ಮ ದೇಶದ ೨೦೨೧ರ ಕಾಯಿದೆ ಅಂಡಾಣು ದಾನ ಮಾಡುವ ಹೆಂಗಸು ಬಾಳಿನಲ್ಲಿ ಒಮ್ಮೆ ಮಾತ್ರ ದಾನಮಾಡಬಹುದು, ಏಳಕ್ಕಿಂತ ಹೆಚ್ಚು ಅಂಡಾಣು ತೆಗೆಯಕೂಡದು ಎಂದು ಕಟ್ಟು ಮಾಡಿತು. ದಾನ ಕೊಡುವವಳು ಸಾಮಾನ್ಯವಾಗಿ ಬಡವಿ, ಪಡೆಯುವವರು ಉಳ್ಳವರು ಎಂಬುದನ್ನು ಬಲ್ಲವರಿಗೆ ಈ ಕಟ್ಟಿನ ಅಗತ್ಯ 

ವಿವರಿಸಬೇಕಿಲ್ಲ. ಉಗ್ರಾಣವಾದರೆ ಕೈಹಾಕಿ ಎಷ್ಟು ಬೇಕಾದರೂ ತೆಗೆಯಬಹುದು. ಕಮ್ಮಟದಲ್ಲಿ ಹಾಗೆ ಕೈಹಾಕಿದರೆ ಕೈಯೂ ಸುಡುತ್ತದೆ, ಕುಲುಮೆಯೂ ಕೆಡುತ್ತದೆ.

ಅಂಡಾಶಯವೆಂಬ ಶಬ್ದವನ್ನು ಬದಲಿಸಬೇಕೆಂದು ನಾನು ಹೇಳುತ್ತಿಲ್ಲ. ಶಬ್ದಗಳು ರೂಢಿಯ ಸೊತ್ತು, ಮೇಷ್ಟರ ಸೊತ್ತಲ್ಲ. ‘ಬಂಜೆ’ ಎಂಬ ಇನ್ನೊಂದು ಶಬ್ದವಿದೆಯಲ್ಲ, ಅದನ್ನು ಮಾತ್ರ ನಾವು ಮನಸ್ಸು ಮಾಡಿದರೆ ಬಿಟ್ಟುಬಿಡಬಹುದು. ಮಗುವಾಗದಿರುವುದಕ್ಕೆ ಗಂಡಿನಲ್ಲಿ ಕಾರಣಗಳುಂಟು, ಹೆಣ್ಣಿನಲ್ಲಿ ಉಂಟು, ಇಬ್ಬರಲ್ಲೂ ಉಂಟು. ಹಾರ್ಮೋನಿನ ಒಂದು ಅಲೆ ತಡವಾದೀತು, ಬಿಳಿ ಕಣಗಳ ಒಂದು ತಂಡ ಹಾದಿ ತಪ್ಪೀತು, ನಾಳದ ಒಂದು ಕುಡಿ ಚಿಗುರದೆ ಹೋದೀತು. ಇಷ್ಟು ನವುರಾದ ಕೆಲಸ ತಿಂಗಳು ತಿಂಗಳೂ ಸದ್ದಿಲ್ಲದೆ ಸಾಗುವುದೇ ಸೋಜಿಗ. ಅದು ಎಲ್ಲೋ ಒಮ್ಮೆ ಮುಗ್ಗರಿಸಿದರೆ ಮನೆಯವರು ಹೋಗಬೇಕಾದದ್ದು, ಗಂಡ ಹೆಂಡತಿ ಇಬ್ಬರನ್ನೂ ಕರೆದುಕೊಂಡು, ವೈದ್ಯರ ಬಳಿಗೆ.